ಹಲ್ಲುಸೆಟ್ಟಿನ ಅಂಟು: ಪೌಡರ್, ಕ್ರೀಮ್ ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಕ್ರೀಮಿಗೆ ಐದಕ್ಕೆ ನಾಲ್ಕು ಸ್ಟಾರ್, ಪೌಡರಿಗೆ ಮೂರೂವರೆ. ಈ ಅಂಕ ಸರಿಯಾಗಿ ಕೂರುವ ಸೆಟ್ಟಿಗೆ ಮಾತ್ರ. ಮಾತಾಡುವಾಗ ಕೆಳಗಿನ ಸೆಟ್ಟು ಎದ್ದೆದ್ದು ಬರುತ್ತಿದ್ದರೆ, ಕೆಮ್ಮು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯಬೇಕಾದರೆ, ಮೆಡಿಕಲ್ ಶಾಪಿಗಿಂತ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಅಂಟಿನ ಡಬ್ಬಿಯ ಮೇಲೆ ಮುದ್ರಿಸಿರುವ ನಗುಮುಖದ ಅಜ್ಜ ಸೇಬು ಕಚ್ಚುತ್ತಾನಲ್ಲ, ಅವನ ಸೆಟ್ಟು ಚೆನ್ನಾಗಿ ಕೂತಿರುವುದರಿಂದ ಕಚ್ಚುತ್ತಾನೆ.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೇಲೆ ಕೆಳಗೆ ಎರಡೂ ಪೂರ್ತಿ ಕಟ್ಟಿಸಿದ ಹಲ್ಲು. ನಮ್ಮದು ತಿಪಟೂರು ಕಡೆ. ಮುದ್ದೆಗೆ ಹೇಗೂ ಹಲ್ಲು ಬೇಡ, ಸಾರಿನಲ್ಲಿ ಅದ್ದಿ ನುಂಗುವುದು. ಹಾಗಾಗಿ ಸೆಟ್ಟು ಹಾಕಿದ ಹೊಸದರಲ್ಲಿ ಊಟದ ತೊಂದರೆ ಅಷ್ಟಾಗಿ ಗೊತ್ತಾಗಲಿಲ್ಲ. ಪರೀಕ್ಷೆ ಬಂದದ್ದು ಸಂಕ್ರಾಂತಿಗೆ. ಎಳ್ಳುಬೆಲ್ಲದಲ್ಲಿ ಎಳ್ಳೂ ಇದೆ, ಕೊಬ್ಬರಿ ಚೂರೂ ಇದೆ. ಕೊಬ್ಬರಿ ಅಗಿದಾಗ ಕೆಳಸೆಟ್ಟು ಒಂದು ಕಡೆ ಎತ್ತುತ್ತದೆ, ಎತ್ತಿದ ಸಂದಿಯಲ್ಲಿ ಎಳ್ಳು ಹೋಗಿ ಕೂರುತ್ತದೆ, ಅದರ ಮೇಲೆ ಮತ್ತೆ ಕಚ್ಚಿದಿರೋ ಕಣ್ಣಲ್ಲಿ ನೀರು. ಕೊಬ್ಬರಿಯ ಊರಿನಲ್ಲಿದ್ದು ಕೊಬ್ಬರಿ ತಿನ್ನಲಾಗದ ಪಾಡು ಯಾರಿಗೂ ಬೇಡ.

ಮೊದಲು ಪೌಡರಿನ ವಿಷಯ. ನಮ್ಮ ಕಡೆ ಫಿಕ್ಸಾನ್ ಪೌಡರ್ ಎಂದರೆ ಹೆಚ್ಚಿನ ಮೆಡಿಕಲ್‌ನವರಿಗೆ ಗೊತ್ತು. ಯಾವ ಕಂಪನಿಯದಾದರೂ ಕ್ರಮ ಒಂದೇ. ಸೆಟ್ಟನ್ನು ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ವಸಡಿಗೆ ತಾಗುವ ಕಡೆ ತೆಳ್ಳಗೆ ಉದುರಿಸಬೇಕು. ಆಮೇಲೆ ಸೆಟ್ಟನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದರೆ ಹೆಚ್ಚಾದದ್ದು ಉದುರುತ್ತದೆ, ಉಳಿದದ್ದು ಸಾಕು. ಬಾಯಿಗೆ ಹಾಕಿ ಬೆರಳಿನಿಂದ ಒತ್ತಿ, ಹಲ್ಲು ಕಚ್ಚಿ ಸ್ವಲ್ಪ ಹೊತ್ತು ಹಿಡಿದರೆ ಎಂಜಲಿನ ತೇವಕ್ಕೆ ಉಬ್ಬಿ ಹಿಡಿದುಕೊಳ್ಳುತ್ತದೆ. ಪೌಡರಿನ ದೊಡ್ಡ ಗುಣವೆಂದರೆ ರಾತ್ರಿ ತೊಳೆಯುವುದು ಸುಲಭ. ದೋಷವೆಂದರೆ ಕಾಫಿ ಕುಡಿದು, ಸಾರು ಅನ್ನ ಉಂಡ ಮೇಲೆ ಮಧ್ಯಾಹ್ನಕ್ಕೇ ಹಿಡಿತ ಸಡಿಲ. ಮಳೆಗಾಲದಲ್ಲಿ ಡಬ್ಬಿಯ ತೂತು ಗಂಟು ಕಟ್ಟಿಕೊಳ್ಳುತ್ತದೆ. ಒದ್ದೆ ಕೈಯಲ್ಲಿ ಮುಚ್ಚಳ ಮುಟ್ಟಬೇಡಿ, ಬಚ್ಚಲಮನೆಯಲ್ಲಿ ಇಡಬೇಡಿ.

ಕ್ರೀಮು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಕೈ ಹಿಡಿತ ಇರಬೇಕು. ಸೆಟ್ಟಿನ ಒಳಭಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಕ್ರೀಮನ್ನು ಮೂರು ಅಥವಾ ನಾಲ್ಕು ಕಡೆ ಇಡುವುದು, ಅಂಚಿನಿಂದ ದೂರಕ್ಕೆ. ಟೂತ್‌ಪೇಸ್ಟಿನ ಜಾಹೀರಾತಿನ ಹಾಗೆ ಉದ್ದಕ್ಕೆ ಎಳೆಯುವುದಲ್ಲ. ಒತ್ತಿದಾಗ ಪಕ್ಕದಿಂದ ಜಿನುಗಿ ಬಾಯಿಗೆ ಬಂತೆಂದರೆ ಹೆಚ್ಚಾಯಿತು ಅಂತಲೇ ಅರ್ಥ, ಮರುದಿನ ಕಡಿಮೆ ಮಾಡಿ. ಹಾಕಿದ ಕೂಡಲೇ ಬಿಸಿ ಕಾಫಿ ಬೇಡ, ಐದು ನಿಮಿಷ ತಡೆಯಿರಿ. ತೆಗೆಯುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಸೆಟ್ಟನ್ನು ನಿಧಾನಕ್ಕೆ ಅಲ್ಲಾಡಿಸಿ ಬಿಡಿಸಬೇಕು. ಜಗ್ಗಿ ಕಿತ್ತರೆ ವಸಡು ಉರಿಯುತ್ತದೆ. ಅಂಗುಳಕ್ಕೆ ಅಂಟಿಕೊಂಡ ಪದರವನ್ನು ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು ಸ್ವಲ್ಪ ಗಲೀಜು ಕೆಲಸ. ಆದರೆ ದಿನಾ ಮಾಡಲೇಬೇಕು. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಾಕಿದರೆ ಬಾಯಿ ವಾಸನೆಯ ಜೊತೆಗೆ ಫಂಗಸ್ಸಿಗೂ ಜಾಗ ಮಾಡಿಕೊಟ್ಟಂತೆ.

ಟ್ಯೂಬು ಕೊಳ್ಳುವಾಗ ನಾನು ಮೊದಲು ನೋಡುವುದು ‘ಝಿಂಕ್ ಇಲ್ಲ’ ಎಂದು ಬರೆದಿದೆಯೇ ಎಂದು. ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಹಿಡಿತ ಗಟ್ಟಿಯಾಗಲೆಂದು ಕೆಲವು ಕ್ರೀಮುಗಳಿಗೆ ಝಿಂಕ್, ಅಂದರೆ ಸತು ಸೇರಿಸುತ್ತಾರೆ. ಅಂಟು ದಿನವಿಡೀ ಕರಗಿ ಸ್ವಲ್ಪಸ್ವಲ್ಪವೇ ಹೊಟ್ಟೆಗೆ ಹೋಗುತ್ತದೆ. ದೇಹದಲ್ಲಿ ಸತು ವಿಪರೀತವಾದರೆ ತಾಮ್ರದ ಅಂಶ ಇಳಿಯುತ್ತದೆ, ತಾಮ್ರ ಇಳಿದರೆ ರಕ್ತಕ್ಕೂ ನರಕ್ಕೂ ಪೆಟ್ಟು. ಕೈಕಾಲು ಜೋಮು, ನಡೆಯುವಾಗ ತೂರಾಟ. 2008ರಲ್ಲಿ ಅಮೆರಿಕದ ವೈದ್ಯರು ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಇಂಥ ನಾಲ್ಕು ರೋಗಿಗಳ ಬಗ್ಗೆ ಬರೆದರು. ಅವರೆಲ್ಲ ವಾರಕ್ಕೆ ಎರಡು ಟ್ಯೂಬು, ಅದಕ್ಕೂ ಹೆಚ್ಚು ಖಾಲಿ ಮಾಡುತ್ತಿದ್ದವರು. 2010ರಲ್ಲಿ ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ ಕಂಪನಿ ತನ್ನ ಪಾಲಿಗ್ರಿಪ್ ಹೆಸರಿನ ಕ್ರೀಮುಗಳಲ್ಲಿ ಸತು ಇದ್ದವನ್ನು ಮಾಡುವುದನ್ನೇ ನಿಲ್ಲಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಲೆಕ್ಕ ಹೀಗಿದೆ: 2.4 ಔನ್ಸ್, ಅಂದರೆ ಸುಮಾರು 68 ಗ್ರಾಂ ಟ್ಯೂಬು ಮೇಲೆ ಕೆಳಗೆ ಎರಡೂ ಸೆಟ್ಟು ಹಾಕುವವರಿಗೆ ಏಳೆಂಟು ವಾರ ಬರಬೇಕು. ನಮ್ಮಲ್ಲಿ ಸಿಗುವ ಟ್ಯೂಬು ಚಿಕ್ಕದಿದ್ದರೆ ಆ ಲೆಕ್ಕದಲ್ಲೇ ಕಳೆದುಕೊಳ್ಳಿ. ವಿದೇಶದಿಂದ ಮಕ್ಕಳು ತಂದುಕೊಟ್ಟ ಟ್ಯೂಬಾದರೂ ಹಿಂದಿನ ಸಣ್ಣ ಅಕ್ಷರ ಓದಿ. ಓದಲಾಗದಿದ್ದರೆ ಮೊಮ್ಮಕ್ಕಳ ಕೈಲಿ ಓದಿಸಿ. ಈಗಾಗಲೇ ಸತು ಇರುವುದನ್ನು ಧಾರಾಳವಾಗಿ ಬಳಸುತ್ತಿದ್ದು ಕೈಕಾಲು ಮರಗಟ್ಟುತ್ತಿದ್ದರೆ ಅದನ್ನು ಬರೀ ಶುಗರಿನ ತಲೆಗೆ ಕಟ್ಟಬೇಡಿ, ಅಂಟಿನ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಟ್ಯೂಬು ಎಷ್ಟು ಬೇಗ ಮುಗಿಯುತ್ತದೆ ಎಂಬುದೇ ನನ್ನ ಮಟ್ಟಿಗೆ ಸೆಟ್ಟಿನ ಆರೋಗ್ಯದ ಅಳತೆ. ಮೊದಲೆಲ್ಲ ಮದುವೆ ಮನೆಗೋ ಭಾಷಣಕ್ಕೋ ಹೋಗುವಾಗ ಮಾತ್ರ ಹಾಕುತ್ತಿದ್ದೆ. ಆಮೇಲೆ ದಿನಾ ಬೇಕಾಯಿತು. ದಿನಕ್ಕೆ ಎರಡು ಸಲ ಹಾಕುವ ಹೊತ್ತು ಬಂದಾಗ ಡಾಕ್ಟರಮ್ಮನ ಹತ್ತಿರ ಹೋದೆ. ಬಾಯಿ ನೋಡುವ ಮೊದಲೇ, “ಮೇಷ್ಟ್ರೇ, ಅಂಟು ಹಾಕ್ಕೊಂಡು ಬಂದಿದ್ದೀರಾ? ಎಲ್ಲ ತೊಳ್ಕೊಂಡು ಬನ್ನಿ, ನಾನು ನೋಡಬೇಕಾಗಿರೋದು ಬರೀ ಸೆಟ್ಟು” ಅಂದರು. ತೊಳೆದು ಬಂದ ಮೇಲೆ ಕೆಳಸೆಟ್ಟಿನ ಎಡಗಡೆ ಒಂದು ಬೆರಳು, ಬಲಗಡೆ ಒಂದು ಬೆರಳು ಇಟ್ಟು ಒಂದಾದ ಮೇಲೊಂದು ಒತ್ತಿದರು. ಇತ್ತ ಒತ್ತಿದರೆ ಅತ್ತ ಏಳುತ್ತಿತ್ತು. ಆಮೇಲೆ ಒಳಗೆ ಬಿಳಿ ಪೇಸ್ಟು ಸವರಿ, ಬಾಯಲ್ಲಿ ಕೂರಿಸಿ ಹೊರತೆಗೆದರು. ಎಲ್ಲಿ ವಸಡಿಗೆ ಹೆಚ್ಚು ಒತ್ತುತ್ತದೋ ಅಲ್ಲಿ ಪೇಸ್ಟು ಸರಿದು ಗುಲಾಬಿ ಬಣ್ಣ ಕಾಣುತ್ತಿತ್ತು. ಎಷ್ಟು ಕ್ರೀಮು ತುಂಬಿದರೂ ಅದೇ ಜಾಗದಲ್ಲಿ ಯಾಕೆ ಹುಣ್ಣಾಗುತ್ತಿತ್ತು ಎಂಬುದು ಆಗ ಕಣ್ಣಿಗೇ ಕಂಡಿತು.

ಸಡಿಲವಾಗುವುದಕ್ಕೆ ಸೆಟ್ಟು ಮಾಡಿಕೊಟ್ಟವರನ್ನು ಬೈದು ಪ್ರಯೋಜನವಿಲ್ಲ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತಲೇ ಇರುತ್ತದೆ, ಸೆಟ್ಟು ಮಾತ್ರ ಇದ್ದ ಹಾಗೇ ಇರುತ್ತದೆ. ಮೇಲಿನದಕ್ಕೆ ಹೋಲಿಸಿದರೆ ಕೆಳದವಡೆ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಮೇಲಿನ ಸೆಟ್ಟಿಗೆ ಅಂಗುಳದ ಅಗಲ ಜಾಗವೂ ಎಂಜಲಿನ ತೆಳು ಪದರವೂ ಸೇರಿ ಹಿಡಿತ ಕೊಡುತ್ತವೆ. ಕೆಳಗಿನದು ಕುದುರೆ ಲಾಳದ ಆಕಾರದ್ದು, ನಡುವೆ ನಾಲಿಗೆ ಬೇರೆ ಸುಮ್ಮನಿರುವುದಿಲ್ಲ. ಇದರ ಜೊತೆಗೆ ಬಿಪಿಗೋ ನಿದ್ದೆಗೋ ಅಲರ್ಜಿಗೋ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದ ಬಾಯಿ ಒಣಗಿದರೆ ಎಂಜಲಿನ ಹಿಡಿತವೂ ಹೋಯಿತು. ಬಾಯಿ ಒಣಗುವವರಿಗೆ ಸ್ವಲ್ಪ ಅಂಟು ನಿಜಕ್ಕೂ ಅನುಕೂಲವೇ. ಕೈ ನಡುಗುವ ಕಾಯಿಲೆ ಇರುವವರಿಗೂ, ಪಾರ್ಶ್ವವಾಯು ಬಡಿದು ಬಾಯಿಯ ಒಂದು ಕಡೆ ಹಿಡಿತ ತಪ್ಪಿದವರಿಗೂ ಹಾಗೆಯೇ. ಮೂಳೆ ಸವೆದು ಆದ ಅಂತರವನ್ನು ಅಂಟಿನಿಂದ ತುಂಬಿಸುವುದು ಮಾತ್ರ ದೊಡ್ಡ ಚಪ್ಪಲಿಗೆ ಬಟ್ಟೆ ತುರುಕಿ ನಡೆದಂತೆ. ನಡೆಯಬಹುದು, ಕಾಲು ಉಳುಕುತ್ತದೆ.

ನನಗೆ ಮಾಡಿದ್ದು ರಿಲೈನಿಂಗ್. ಇದ್ದ ಸೆಟ್ಟಿನೊಳಗೇ ವಸಡಿನ ಹೊಸ ಅಚ್ಚು ತೆಗೆದು, ಲ್ಯಾಬಿಗೆ ಕಳಿಸಿ, ಒಳಗಡೆ ಹೊಸ ಅಕ್ರಿಲಿಕ್ ಪದರ ಹಾಕಿಸುವುದು. ಹಲ್ಲುಗಳು ಅವೇ, ಒಳಮೈ ಮಾತ್ರ ಹೊಸದು. ಲ್ಯಾಬಿನಿಂದ ವಾಪಸು ಬರುವ ತನಕ ಬೊಚ್ಚುಬಾಯಿ. ಆ ಹೊತ್ತಿಗೆ ನೆಂಟರ ಮನೆ ಮದುವೆ ಇಲ್ಲದ ದಿನ ನೋಡಿಕೊಳ್ಳಿ. ಹೊಸ ಸೆಟ್ಟಿಗೆ ಆಗುವ ದುಡ್ಡಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. ಕ್ಲಿನಿಕ್ಕಿನಲ್ಲೇ ಕೂತ ಕೂತಲ್ಲೇ ಮಾಡುವ ವಿಧಾನವೂ ಇದೆ, ಮೆತ್ತನೆಯ ಪದರ ಹಾಕುವುದೂ ಇದೆ. ವಸಡು ಬಹಳ ತೆಳುವಾಗಿ ನೋಯುವವರಿಗೆ ಮೆತ್ತನೆಯದು ಹಿತ, ಆದರೆ ಅದು ಬೇಗ ಹಾಳಾಗುತ್ತದೆ, ಕೊಳೆಯೂ ಬೇಗ ಹಿಡಿಯುತ್ತದೆ. ರಿಲೈನಿಂಗ್ ಆದ ಮೇಲೆ ಮೇಲಿನ ಸೆಟ್ಟಿಗೆ ನಾನು ಅಂಟು ಮುಟ್ಟಿಸಿಲ್ಲ. ಕೆಳಗಿನದಕ್ಕೆ ಹೊರಗೆ ಊಟವಿದ್ದ ದಿನ ಕ್ರೀಮಿನ ಮೂರು ಚುಕ್ಕೆ, ಅಷ್ಟೇ. ಕೊಬ್ಬರಿಯನ್ನು ಈಗ ಸಣ್ಣಗೆ ಹೆಚ್ಚಿಸಿಕೊಂಡು ಎರಡೂ ಕಡೆ ಒಟ್ಟಿಗೆ ಅಗಿಯುತ್ತೇನೆ. ಒಂದೇ ಕಡೆ ಅಗಿದರೆ ಎಂಥ ಸೆಟ್ಟೂ ಏಳುತ್ತದೆ.

ನಮ್ಮ ಭಾವನವರದು ಬೇರೆ ದಾರಿ. ಅವರ ಕೆಳದವಡೆ ಪೂರಾ ಸವೆದಿತ್ತು, ರಿಲೈನಿಂಗ್ ಮಾಡಿಸಿದರೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಮುಂದಿನ ಭಾಗದಲ್ಲಿ ಎರಡು ಇಂಪ್ಲಾಂಟ್, ಅಂದರೆ ದವಡೆ ಮೂಳೆಯೊಳಗೆ ತಿರುಪಿನ ಹಾಗೆ ಇಳಿಸುವ ಲೋಹದ ಬೇರು, ಕೂರಿಸಿ, ಅದರ ಮೇಲೆ ಗುಂಡಿಯ ಹಾಗೆ ಚಕ್ಕನೆ ಕೂರುವ ಸೆಟ್ಟು ಮಾಡಿಸಿಕೊಂಡರು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದಿದ್ದರಂತೆ, ಡಾಕ್ಟರಮ್ಮ ಹೇಳಿದ್ದು. ಭಾವ ಈಗ ಚಕ್ಕುಲಿ ಕಡಿಯುವ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆ. ಖರ್ಚು ಜಾಸ್ತಿ, ಒಳಗಿನ ಸಣ್ಣ ರಬ್ಬರ್ ಉಂಗುರ ಸವೆದಾಗ ಬದಲಿಸಬೇಕು, ಶುಗರ್ ಹತೋಟಿಯಲ್ಲಿರಬೇಕು. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮೊದಲೇ ಹೇಳಬೇಕು.

ಮಾಡಲೇಬಾರದ ಕೆಲವು ಕೆಲಸ ನಮ್ಮ ಕಟ್ಟೆಯ ಮೇಲೆ ಕೂರುವವರಲ್ಲೇ ನೋಡಿದ್ದೇನೆ. ಬಿರುಕು ಬಿಟ್ಟ ಸೆಟ್ಟಿಗೆ ಫೆವಿಕ್ವಿಕ್ ಹಾಕುವುದು, ಒತ್ತುವ ಕಡೆ ಬ್ಲೇಡಿನಲ್ಲಿ ಕೆರೆಯುವುದು, ಒಳಗೆ ಹತ್ತಿ ಇಟ್ಟುಕೊಳ್ಳುವುದು. ಕುದಿಯುವ ನೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ, ಟೂತ್‌ಪೇಸ್ಟಿನಲ್ಲಿ ಉಜ್ಜಿದರೆ ಗೀರು ಬಿದ್ದು ಅಲ್ಲಿ ಕೊಳೆ ಕೂರುತ್ತದೆ. ಮೆತ್ತನೆ ಬ್ರಶ್ಶು, ಸೆಟ್ಟಿಗೆಂದೇ ಸಿಗುವ ಕ್ಲೀನರ್ ಸಾಕು. ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಟ್ಟೇ ಮಲಗಬೇಕು. ಜಪಾನಿನಲ್ಲಿ 85 ದಾಟಿದವರನ್ನು ಮೂರು ವರ್ಷ ಗಮನಿಸಿದಾಗ, ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಎರಡು ಪಟ್ಟಿಗೂ ಹೆಚ್ಚು ಕಂಡಿತ್ತು. ವಸಡಿಗೂ ರಾತ್ರಿಯಾದರೂ ಉಸಿರಾಡಲು ಬಿಡಬೇಕಲ್ಲ.

ಇನ್ನು ದುಡ್ಡಿನ ವಿಷಯ. ಸೆಟ್ಟು ಹಳತಾಗಿ ಹಲ್ಲುಗಳೇ ಸವೆದು ಮಟ್ಟವಾಗಿದ್ದರೆ ರಿಲೈನಿಂಗೂ ನಡೆಯುವುದಿಲ್ಲ, ಹೊಸದೇ ಕಟ್ಟಿಸಬೇಕು. ಬಿಪಿಎಲ್ ಕಾರ್ಡು ಇರುವ ಹಿರಿಯರಿಗೆ ಪೂರ್ತಿ ಸೆಟ್ಟನ್ನು ಉಚಿತವಾಗಿ ಕೊಡಲೆಂದೇ ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆ ತಂದದ್ದು. ಈಗಿನ ವಯಸ್ಸಿನ ಮಿತಿ ಎಷ್ಟು, ಯಾವ ಕಾಲೇಜಿಗೆ ಹೋಗಬೇಕು ಎಂಬುದನ್ನು ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ. ಹೋಗುವಾಗ ಹಳೆಯ ಸೆಟ್ಟನ್ನೂ ಕರವಸ್ತ್ರದಲ್ಲಿ ಸುತ್ತಿಕೊಳ್ಳದೆ, ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಹೊಸದರ ಅಳತೆಗೆ ಅದೂ ಡಾಕ್ಟರಿಗೆ ಬೇಕಾಗುತ್ತದೆ.