ಶಿಕಾಗೋದ ಗ್ಯಾಂಗ್‌ಸ್ಟರ್ ಬಸ್ ಟೂರ್: ಗುಂಡಿನ ಸದ್ದು ಜಾಸ್ತಿ, ಬಿಯರ್ ಲೆಕ್ಕ ಕಡಿಮೆ

ಐದಕ್ಕೆ ಮೂರು ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಶಿಕಾಗೋಗೆ ಹೋಗಿದ್ದೆ, ಭಾನುವಾರ ಖಾಲಿ ಇತ್ತು, 1920ರ ದಶಕದ ಗ್ಯಾಂಗ್‌ಗಳು ಓಡಾಡಿದ ಜಾಗಗಳನ್ನು ಬಸ್ಸಿನಲ್ಲಿ ಕೂರಿಸಿ ತೋರಿಸುವ ಎರಡು ಗಂಟೆಯ ಟೂರ್ ಬುಕ್ ಮಾಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಊರಲ್ಲಿ ಇಂಥವು ಹಲವು ಇವೆ, ನಾನು ಹೋದದ್ದು ಅದರಲ್ಲಿ ಒಂದು, ಅಷ್ಟೇ.

ಕಪ್ಪು ಬಣ್ಣದ ಬಸ್ಸು. ಸೂಟು, ಟೋಪಿ ಹಾಕಿಕೊಂಡ ಗೈಡ್. ಪ್ರತಿ ತಿರುವಿಗೂ ಸ್ಪೀಕರಿನಲ್ಲಿ ಗನ್ ಸದ್ದು. ನನ್ನ ಪಕ್ಕದ ಸೀಟಿನ ಹುಡುಗಿ ಮೊದಲ ಸಲ ನಕ್ಕಳು, ನಾಲ್ಕನೇ ಸಲಕ್ಕೆ ಕಿವಿ ಮುಚ್ಚಿಕೊಂಡು ಅಮ್ಮನ ಮೇಲೆ ಒರಗಿದಳು. ನನಗೂ ಅದೇ ಮಾಡೋಣ ಅನ್ನಿಸಿತು.

ಗೈಡ್ ಕಥೆ ಶುರುಮಾಡಿದ್ದು ಆ ಕಾಲದ ಅತಿ ಹೆಸರಾದ ಗ್ಯಾಂಗ್‌ಸ್ಟರ್ ಅಲ್ ಕಪೋನ್‌ನಿಂದ. ಎಲ್ಲವನ್ನೂ ಅವನೊಬ್ಬನೇ ಕಟ್ಟಿದ ಅನ್ನುವ ಹಾಗೆ. ಅಮೆರಿಕದಲ್ಲಿ ಪಾನನಿಷೇಧ, ಅಂದರೆ ಗ್ಯಾಂಗ್‌ಗಳಿಗೆ ಕಳ್ಳಮದ್ಯ ಮಾರಿ ದುಡ್ಡು ಮಾಡೋಕೆ ದಾರಿಯಾದ ಕಾನೂನು, ಜಾರಿಗೆ ಬಂದದ್ದು 1920ರ ಜನವರಿ 17ಕ್ಕೆ, ಅವತ್ತೇ ಕಪೋನ್‌ಗೆ 21 ತುಂಬಿತು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅವತ್ತು ಅವನು ಯಾರೂ ಅಲ್ಲ. ಬ್ರೂಕ್ಲಿನ್‌ನಿಂದ ಬಂದು ಜಾನಿ ಟೊರಿಯೊ ಹತ್ತಿರ ಕೆಲಸಕ್ಕೆ ಸೇರಿದ್ದ ಹುಡುಗ. ತಲೆ ಇದ್ದದ್ದು ಟೊರಿಯೊಗೆ. ಟೂರಿನಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ನಿಮಿಷ, ಅದೂ ಸಿಗ್ನಲ್‌ನಲ್ಲಿ ನಿಂತಿದ್ದಾಗ.

ಮೊದಲ ಸ್ಟಾಪ್ ಸೌತ್ ವಾಬಾಶ್ ಅವೆನ್ಯೂ. ಬಿಗ್ ಜಿಮ್ ಕೊಲೊಸಿಮೊ ಅನ್ನುವವನ ಹೋಟೆಲು ಇಲ್ಲಿತ್ತು. ವೇಶ್ಯಾಗೃಹಗಳ ದುಡ್ಡಿನಲ್ಲಿ ಬೆಳೆದವನು, ಟೊರಿಯೊ ಅವನ ಕೈಕೆಳಗಿದ್ದ. 1920ರ ಮೇ 11ಕ್ಕೆ ಅದೇ ಹೋಟೆಲಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಎಲ್ಲ ಟೊರಿಯೊ ಕೈಗೆ ಬಂತು. ನೋಡೋಕೆ ಈಗ ಅಲ್ಲಿ ಏನೂ ಇಲ್ಲ. ಬಸ್ಸೂ ನಿಲ್ಲಲಿಲ್ಲ, ಸ್ವಲ್ಪ ನಿಧಾನ ಮಾಡಿ ಮುಂದೆ ಹೋಯಿತು.

ಮೂರರಲ್ಲಿ ಎರಡು ಸ್ಟಾರ್ ನಾನು ಕೊಟ್ಟದ್ದು ನಾರ್ತ್ ಸ್ಟೇಟ್ ಸ್ಟ್ರೀಟ್ ಸ್ಟಾಪಿಗೆ. ಹೋಲಿ ನೇಮ್ ಕೆಥೆಡ್ರಲ್ ಎದುರಿಗೆ, 738ನೇ ನಂಬರಿನಲ್ಲಿ, ಒಂದು ಹೂವಿನ ಅಂಗಡಿ ಇತ್ತು. ನಾರ್ತ್ ಸೈಡ್ ಗ್ಯಾಂಗಿನ ನಾಯಕ ಡೀನ್ ಒ'ಬ್ಯಾನಿಯನ್‌ನದು. ಸುಮ್ನೆ ತೋರಿಕೆಗೆ ಇಟ್ಟ ಅಂಗಡಿ ಅಂದುಕೊಳ್ಳಬೇಡಿ, ಅವನಿಗೆ ನಿಜವಾಗಲೂ ಹೂವಿನ ಕೆಲಸ ಇಷ್ಟವಿತ್ತು, ಊರಿನ ದೊಡ್ಡ ದೊಡ್ಡ ಶವಯಾತ್ರೆಗಳಿಗೆಲ್ಲ ಹಾರ ಹೋಗುತ್ತಿದ್ದದ್ದು ಅಲ್ಲಿಂದಲೇ. ಅದೇ ಅಂಗಡಿ ಅವನ ಗ್ಯಾಂಗಿನ ಅಡ್ಡೆಯೂ ಆಗಿತ್ತು. ಇಲ್ಲಿ ಗೈಡ್ ಸ್ಕ್ರಿಪ್ಟ್ ಬಿಟ್ಟ. ಹಿಂದಿನ ಸೀಟಿನ ಅಜ್ಜಿಯೊಬ್ಬರು, ಹಾಗಾದರೆ ಇವರು ಯಾಕೆ ಹೊಡೆದಾಡಿದರು, ದುಡ್ಡು ಎಲ್ಲರಿಗೂ ಬರುತ್ತಿತ್ತಲ್ಲ ಎಂದು ಕೇಳಿದರು. ಅವನು ಟೋಪಿ ತೆಗೆದಿಟ್ಟು, ಮೈಕ್ ಆಫ್ ಮಾಡಿ, ಮನುಷ್ಯರ ಥರ ಮಾತಾಡಿದ. ಇಡೀ ಟೂರ್ ಹೀಗೇ ಇರಬಾರದಿತ್ತಾ?

ಅವನು ಹೇಳಿದ್ದು ಇಷ್ಟು. ಟೊರಿಯೊ ಊರನ್ನು ಏರಿಯಾ ಏರಿಯಾ ಮಾಡಿ ಹಂಚಿದ. ಉತ್ತರ ಭಾಗ ಒ'ಬ್ಯಾನಿಯನ್‌ಗೆ, ಟೇಲರ್ ಸ್ಟ್ರೀಟ್ ಕಡೆ ಜೆನ್ನಾ ಅಣ್ಣತಮ್ಮಂದಿರಿಗೆ. ಜೆನ್ನಾಗಳು ಆರು ಜನ, ಕೈಗಾರಿಕೆಗೆ ಬೇಕಾದ ಆಲ್ಕೋಹಾಲ್ ಮಾರುವ ಲೈಸೆನ್ಸ್ ಇಟ್ಟುಕೊಂಡು ಬಡ ಇಟಾಲಿಯನ್ ಮನೆಗಳ ಅಡುಗೆಮನೆಯಲ್ಲಿ ಕಳ್ಳಭಟ್ಟಿ ಇಳಿಸುತ್ತಿದ್ದರು. ಭಟ್ಟಿ ನೋಡಿಕೊಳ್ಳುವ ಮನೆಗೆ ದಿನಕ್ಕೆ 15 ಡಾಲರ್. ಆ ಕಾಲದ ಕೂಲಿಗೆ ಅದು ಕನಸಿನ ದುಡ್ಡು. ಸರಕು ಅಗ್ಗ. ಅಗ್ಗದ ಸರಕು ಗಡಿ ದಾಟಿ ಒ'ಬ್ಯಾನಿಯನ್ ಏರಿಯಾಗೆ ಬಂತು. ಅವನು ಟೊರಿಯೊಗೆ ದೂರು ಹೇಳಿದ. ಟೊರಿಯೊ ಏನೂ ಮಾಡಲಿಲ್ಲ.

ಆಮೇಲೆ ಒ'ಬ್ಯಾನಿಯನ್ ಮಾಡಿದ ಕೆಲಸ ಇದೆಯಲ್ಲ, ಅದಕ್ಕೆ ಬೇಕಾದರೆ ಬೇರೆ ಟಿಕೆಟ್ ಇಡಬಹುದು. ಬಿಯರ್ ತಯಾರಿಸುವ ಸೀಬೆನ್ ಬ್ರೂವರಿಯಲ್ಲಿ ಟೊರಿಯೊ, ಕಪೋನ್, ಒ'ಬ್ಯಾನಿಯನ್ ಮೂವರಿಗೂ ಪಾಲು ಇತ್ತು. ತನ್ನ ಪಾಲು ಮಾರಿ ಊರು ಬಿಡುತ್ತೇನೆ ಎಂದು ಹೇಳಿ ಟೊರಿಯೊ ಹತ್ತಿರ 5 ಲಕ್ಷ ಡಾಲರ್ ತೆಗೆದುಕೊಂಡ. 1924ರ ಮೇ 19ಕ್ಕೆ ಸರಕು ಲೋಡ್ ಆಗುವಾಗ ಪೊಲೀಸ್ ರೇಡ್ ಬಿತ್ತು. ರೇಡ್ ಬರುವುದು ಒ'ಬ್ಯಾನಿಯನ್‌ಗೆ ಮೊದಲೇ ಗೊತ್ತಿತ್ತು. ಅವನೂ ಸಿಕ್ಕಿಬಿದ್ದ, ಆದರೆ ಅವನಿಗೆ ಅದು ಮೊದಲ ಕೇಸು. ಟೊರಿಯೊಗೆ ಎರಡನೆಯದು, ಅಂದರೆ ಜೈಲು ಗ್ಯಾರಂಟಿ. ದುಡ್ಡೂ ಹೋಯಿತು, ಬ್ರೂವರಿಯೂ ಹೋಯಿತು, ಮರ್ಯಾದೆಯೂ ಹೋಯಿತು.

ಟೊರಿಯೊ ಕಡೆಯವರು ಸ್ಕೆಚ್ ಹಾಕಿದರು. ನವೆಂಬರ್ 10ಕ್ಕೆ ಮೂರು ಜನ ಹಾರ ಬೇಕೆಂದು ಅಂಗಡಿಗೆ ಬಂದರು. ಎರಡು ದಿನದ ಹಿಂದೆ ಸಿಸಿಲಿಯನ್ನರ ಒಬ್ಬ ದೊಡ್ಡ ಮುಖಂಡ ತೀರಿಕೊಂಡಿದ್ದ, ಊರಲ್ಲೆಲ್ಲ ಹೂವಿಗೆ ಆರ್ಡರ್, ಹಾಗಾಗಿ ಅನುಮಾನ ಬರಲಿಲ್ಲ. ಒಬ್ಬ ಕೈ ಕುಲುಕಿದ. ಕುಲುಕಿದ ಕೈ ಬಿಡಲಿಲ್ಲ. ಉಳಿದಿಬ್ಬರು ಗುಂಡು ಹಾರಿಸಿದರು. ಒ'ಬ್ಯಾನಿಯನ್ ಚಿಕ್ಕವನಿದ್ದಾಗ ಎದುರಿನ ಚರ್ಚಿನಲ್ಲೇ ಹಾಡುತ್ತಿದ್ದನಂತೆ. ಗೈಡ್ ಇದನ್ನು ಹೇಳುವಾಗ ನಾನು ಚರ್ಚಿನ ಬಾಗಿಲಿಂದ ರಸ್ತೆಯ ಈ ಕಡೆಗೆ ಕಣ್ಣಲ್ಲೇ ಅಳೆದೆ. ಕೂಗಿದರೆ ಕೇಳುವಷ್ಟೇ ದೂರ.

ಅಲ್ಲಿಂದ ಮುಂದೆ ಐದು ವರ್ಷ ಬರೀ ಸೇಡು. 1925ರ ಜನವರಿಯಲ್ಲಿ ಟೊರಿಯೊ ಮನೆ ಮುಂದೆ ಗುಂಡು ತಿಂದು ಹೇಗೋ ಬದುಕಿದ, ಜೈಲಿನಿಂದಲೇ ವ್ಯವಹಾರವೆಲ್ಲ ಕಪೋನ್‌ಗೆ ಒಪ್ಪಿಸಿ ಜಾಗ ಖಾಲಿ ಮಾಡಿದ. ಕಪೋನ್‌ಗೆ ಆಗ 26. ಅದೇ ವರ್ಷ ಎರಡೇ ತಿಂಗಳೊಳಗೆ ಜೆನ್ನಾಗಳಲ್ಲಿ ಮೂವರು ಸತ್ತರು. 1926ರ ಸೆಪ್ಟೆಂಬರ್ 20ಕ್ಕೆ ಪಕ್ಕದ ಊರಾದ ಸಿಸೆರೊದಲ್ಲಿ, ಕಪೋನ್ ಅಡ್ಡೆಯಾಗಿದ್ದ ಹಾಥಾರ್ನ್ ಹೋಟೆಲಿನ ಮುಂದೆ ನಾರ್ತ್ ಸೈಡಿನವರು ಸಾಲಾಗಿ ಕಾರಿನಲ್ಲಿ ಬಂದು ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದರು ಎನ್ನುತ್ತಾರೆ, ಬಾಡಿಗಾರ್ಡ್ ನೆಲಕ್ಕೆ ಎಳೆದದ್ದಕ್ಕೆ ಕಪೋನ್ ಉಳಿದ. ಸರಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 11ಕ್ಕೆ, ಒ'ಬ್ಯಾನಿಯನ್ ಜಾಗಕ್ಕೆ ಬಂದಿದ್ದ ಹೈಮಿ ವೈಸ್ ಅದೇ ಹೂವಿನ ಅಂಗಡಿ ಕಡೆ ರಸ್ತೆ ದಾಟುವಾಗ ಬಿದ್ದ. ಕೊಂದವರು ಪಕ್ಕದ ಕಟ್ಟಡದಲ್ಲಿ ರೂಮು ಬಾಡಿಗೆ ಹಿಡಿದು ಕಾಯುತ್ತಿದ್ದರು. ಗುಂಡು ಚರ್ಚಿನ ಕಲ್ಲಿಗೂ ತಾಗಿತ್ತು. ನಮ್ಮ ಬಸ್ಸಿನವರೆಲ್ಲ ಇಳಿದು ಗುರುತು ಹುಡುಕಿದರು. ನನಗಂತೂ ಕಾಣಿಸಲಿಲ್ಲ.

ಸಿಸೆರೊಗೆ ಬಸ್ ಹೋಗುವುದಿಲ್ಲ, ಊರ ಗಡಿಯಾಚೆ ಅಂತ. ಸರಿ, ಒಪ್ಪೋಣ. ಆದರೆ ಅದರ ಬದಲು 25 ನಿಮಿಷ ಬಯೋಗ್ರಾಫ್ ಥಿಯೇಟರ್ ಮುಂದೆ ನಿಲ್ಲಿಸಿ ಜಾನ್ ಡಿಲಿಂಜರ್ ಕಥೆ ಹೇಳಿದರು. ಅವನು ಬ್ಯಾಂಕ್ ದರೋಡೆಕೋರ, ಈ ಥಿಯೇಟರ್ ಹತ್ತಿರ ಸತ್ತದ್ದು 1934ರಲ್ಲಿ, ಅಷ್ಟರಲ್ಲಿ ಪಾನನಿಷೇಧವೇ ಮುಗಿದಿತ್ತು. ಅವನಿಗೂ ಈ ಬಿಯರ್ ಜಗಳಕ್ಕೂ ಏನು ಸಂಬಂಧ? ಥಿಯೇಟರ್ ಇನ್ನೂ ನಿಂತಿದೆ, ಫೋಟೋಗೆ ಚೆನ್ನಾಗಿದೆ, ಅದೇ ಸಂಬಂಧ. ಒಂದು ಸ್ಟಾರ್ ಇಲ್ಲಿ ಕಟ್.

ಇನ್ನೊಂದು ಸ್ಟಾರ್ ಹೋದದ್ದು 2122 ನಾರ್ತ್ ಕ್ಲಾರ್ಕ್ ಸ್ಟ್ರೀಟಿನಲ್ಲಿ. 1929ರ ಫೆಬ್ರವರಿ 14ರ ಬೆಳಗ್ಗೆ ಏಳು ಜನರನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಕೊಂದ, ನಾರ್ತ್ ಸೈಡ್ ಗ್ಯಾಂಗಿನ ಗ್ಯಾರೇಜು ಇಲ್ಲಿತ್ತು. 1967ರಲ್ಲಿ ಕೆಡವಿದರು. ಈಗ ಹುಲ್ಲು, ಒಂದಷ್ಟು ಮರ, ಬೇಲಿ. ಗೈಡ್ ಮತ್ತೆ ಟೋಪಿ ಹಾಕಿಕೊಂಡ, ಸ್ಪೀಕರಿನಲ್ಲಿ ಮತ್ತೆ ಗನ್, ನಾಯಿಯ ದೆವ್ವ ಇಲ್ಲಿ ಅಳುತ್ತದೆ ಅನ್ನುವ ಕಥೆ. ನಾಯಿ ಇದ್ದದ್ದು ನಿಜ. ಹೈಬಾಲ್ ಅಂತ ಹೆಸರು. ಅದು ಸಾಯಲಿಲ್ಲ. ಸತ್ತದ್ದು ಅದರ ಯಜಮಾನ ಜಾನ್ ಮೇ, ಟ್ರಕ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಸತ್ತ ಇನ್ನೊಬ್ಬ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದವನು, ಗ್ಯಾಂಗಿನವರ ಜೊತೆ ಕೂತು ಹರಟೆ ಹೊಡೆಯುವ ಚಟ. ಇವರಿಬ್ಬರ ಹೆಸರು ಟೂರಿನಲ್ಲಿ ಬರಲೇ ಇಲ್ಲ. ದೆವ್ವಕ್ಕೆ ಹತ್ತು ನಿಮಿಷ ಕೊಟ್ಟರು.

ಕೊಂದವರಲ್ಲಿ ಇಬ್ಬರು ಪೊಲೀಸ್ ಯೂನಿಫಾರ್ಮ್ ಹಾಕಿದ್ದರು. ಒಳಗಿದ್ದವರು ಮಾಮೂಲಿ ರೇಡ್ ಅಂದುಕೊಂಡು ಸುಮ್ಮನೆ ಕೈ ಎತ್ತಿರಬೇಕು. ನಾರ್ತ್ ಸೈಡಿನ ನಾಯಕ ಬಗ್ಸ್ ಮೊರಾನ್ ತಡವಾಗಿ ಬಂದ, ಪೊಲೀಸ್ ಕಾರು ನೋಡಿ ಕಾಫಿ ಕುಡಿಯೋಕೆ ಹೋದ, ಬದುಕಿದ. ಫ್ರಾಂಕ್ ಗುಸೆನ್‌ಬರ್ಗ್ ಅನ್ನುವವನ ಮೈಯಲ್ಲಿ 14 ಗುಂಡು, ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರೆ ನನಗೆ ಯಾರೂ ಹೊಡೆದಿಲ್ಲ ಎಂದು ಹೇಳಿ ಸತ್ತ. ಅನುಮಾನ ಕಪೋನ್ ಮೇಲೆ, ಆದರೆ ಅವನು ಆ ಹೊತ್ತಿಗೆ ಫ್ಲಾರಿಡಾದಲ್ಲಿದ್ದ. ಈ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಹೊಡೆದ ಗನ್‌ಗಳು ಮಾತ್ರ ಸಿಕ್ಕವು, ಆ ವರ್ಷದ ಕೊನೆಗೆ ಮಿಷಿಗನ್‌ನ ಒಂದು ಮನೆಯಲ್ಲಿ. ಗುಂಡಿನ ಗೀರು ಹೋಲಿಸಿ ಅವೇ ಗನ್ ಎಂದು ತೋರಿಸಿದವನು ಕ್ಯಾಲ್ವಿನ್ ಗಡ್ಡಾರ್ಡ್, ಈ ಕೇಸಿನ ದೆಸೆಯಿಂದಲೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಪತ್ತೆಯ ಲ್ಯಾಬ್ ಶುರುವಾಯಿತು. ಇದು ದೆವ್ವಕ್ಕಿಂತ ಒಳ್ಳೆಯ ಕಥೆ ಅಲ್ವಾ?

ಗೋಡೆಯ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿಯೊಬ್ಬ ಕೊಂಡುಕೊಂಡು ವ್ಯಾಂಕೂವರಿನ ತನ್ನ ನೈಟ್‌ಕ್ಲಬ್ಬಿನ ಗಂಡಸರ ಟಾಯ್ಲೆಟ್‌ನಲ್ಲಿ ಕಟ್ಟಿಸಿದ್ದ. ಈಗ ಅವು ಲಾಸ್ ವೇಗಸ್‌ನ ಮಾಬ್ ಮ್ಯೂಸಿಯಂನಲ್ಲಿವೆ. ಅಂದರೆ ಗೋಡೆ ನೋಡಬೇಕಾದರೆ ಶಿಕಾಗೋಗೆ ಬರಬೇಡಿ.

ಕೊನೆಯ ಹತ್ತು ನಿಮಿಷ ಟ್ರಾಫಿಕ್ಕಿನಲ್ಲಿ ಕಪೋನ್ ಟ್ಯಾಕ್ಸ್ ಕೇಸು: 1931ರ ಅಕ್ಟೋಬರ್, 11 ವರ್ಷ ಜೈಲು ಶಿಕ್ಷೆ, ಅದರಲ್ಲಿ ಕೆಲವು ವರ್ಷ ಅಲ್ಕಟ್ರಾಜ್ ದ್ವೀಪದ ಜೈಲಿನಲ್ಲಿ. ಗಡಿಬಿಡಿಯಲ್ಲಿ ಮುಗಿಸಿದರು. ಇಳಿಯುವಾಗ ಟೋಪಿ ಹಾಕಿಸಿ ತೆಗೆದ ಫೋಟೋ ಕೊಳ್ಳಿ ಎಂದು ಹಿಂದೆ ಬಿದ್ದರು. ನಾನು ಕೊಳ್ಳಲಿಲ್ಲ.

ಹೋಗುವವರಿಗೆ: ಗೈಡ್ ಹತ್ತಿರದ ಸೀಟು ಹಿಡಿಯಿರಿ, ಪ್ರಶ್ನೆ ಕೇಳಿ, ಕೇಳಿದರೆ ಅವರು ಚೆನ್ನಾಗಿ ಹೇಳುತ್ತಾರೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅರ್ಧ ದಿನ ಉಳಿದರೆ ಹಿಲ್‌ಸೈಡ್‌ನ ಮೌಂಟ್ ಕಾರ್ಮೆಲ್ ಸ್ಮಶಾನಕ್ಕೆ ನೀವೇ ಹೋಗಿ, ನಾನು ಮಾರನೇ ದಿನ ಹೋದೆ, ಟಿಕೆಟ್ ಇಲ್ಲ, ಸ್ಪೀಕರೂ ಇಲ್ಲ. ಕಪೋನ್, ಒ'ಬ್ಯಾನಿಯನ್, ವೈಸ್, ಜೆನ್ನಾಗಳು ಎಲ್ಲ ಅಲ್ಲೇ ಇದ್ದಾರೆ, ಒಂದೇ ಕಾಂಪೌಂಡಿನೊಳಗೆ. ಕಪೋನ್ ಕಲ್ಲಿನ ಮೇಲೆ ಜನ ಚಿಲ್ಲರೆ ಕಾಸು, ಸಿಗಾರ್ ಇಟ್ಟು ಹೋಗಿದ್ದರು. ಜಾಗ ದೊಡ್ಡದು, ನಡೆಯಬೇಕು, ಒಳ್ಳೆಯ ಶೂ ಹಾಕಿಕೊಳ್ಳಿ.