ಮೂರು ಟ್ರಿಪ್, ಒಂದೇ ಕಸದ ಬುಟ್ಟಿ

ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕಸ ವಿಂಗಡಣೆಯ ಪ್ರಶ್ನೆ ಬಂದರೆ ಪರೀಕ್ಷೆಯಲ್ಲಿ ಎಲ್ಲರಿಗೂ ಪೂರ್ತಿ ಅಂಕ. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್ ಪ್ಯಾಡ್‌ನಂಥದ್ದಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇಡೀ ಬೆಂಗಳೂರಿಗೆ ಹೇಳಿದ ಲೆಕ್ಕ ಇದೇ. ಇದನ್ನೆಲ್ಲ ಚೆನ್ನಾಗಿ ಬರೆದು ಹೊರಗೆ ಬಂದ ಹುಡುಗಿಯೇ ಅರ್ಧ ತಿಂದ ಚಪಾತಿಯನ್ನು ಪೇಪರ್ ಬುಟ್ಟಿಗೆ ಎಸೆದು ಹೋದಳು. ಅವತ್ತೇ ಅನ್ನಿಸಿತು, ಬೋರ್ಡಿನಿಂದ ಇದು ಆಗುವ ಕೆಲಸ ಅಲ್ಲ.

ಆಮೇಲೆ ಎರಡು ವರ್ಷದಲ್ಲಿ ಮಕ್ಕಳನ್ನು ಮೂರು ಕಡೆ ಕರೆದುಕೊಂಡು ಹೋದೆ. ಅಳೆಯುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉಪಾಯ. ಟ್ರಿಪ್‌ಗೆ ಮೊದಲಿನ ಶುಕ್ರವಾರ ಕ್ಲಾಸಿನ ಬುಟ್ಟಿಯನ್ನು ಟಾರ್ಪಾಲಿನ ಮೇಲೆ ಸುರಿದು ನೋಡುವುದು, ಮೂರು ವಾರ ಬಿಟ್ಟು ಮತ್ತೆ ಸುರಿಯುವುದು. ಮಕ್ಕಳು ಬರೆದ "ಪ್ರವಾಸದ ಅನುಭವ" ಪ್ರಬಂಧಗಳನ್ನು ನಾನು ನಂಬುವುದಿಲ್ಲ. ಬುಟ್ಟಿ ಸುಳ್ಳು ಹೇಳುವುದಿಲ್ಲ.

ಮೊದಲು ಹೋಗಿದ್ದು ಊರಾಚೆಯ ಒಂದು ಇಕೋ ಫಾರ್ಮ್‌ಗೆ. ಹೆಸರು ಬೇಡ ಬಿಡಿ. ಬಸ್ಸು, ಊಟ ಎಲ್ಲ ಸೇರಿ ಮಗುವಿಗೆ 900 ರೂಪಾಯಿ. ಎತ್ತಿನ ಗಾಡಿ ಇತ್ತು, ಸೆಣಬಿನ ಚೀಲಕ್ಕೆ ಬಣ್ಣ ಹಚ್ಚುವುದು ಇತ್ತು, ಹಳೇ ಪೇಪರ್‌ನಿಂದ ಹೊಸ ಹಾಳೆ ಮಾಡುವುದೂ ಇತ್ತು. ಈ ಕೊನೆಯದು ನಿಜಕ್ಕೂ ಒಳ್ಳೆಯ ಚಟುವಟಿಕೆ. ನೆನೆಸಿ ರುಬ್ಬಿದ ಪೇಪರ್ ಅನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ನೀರು ಬಸಿದು, ಬಟ್ಟೆಯ ಮೇಲೆ ಮಗುಚಬೇಕು. ಆದರೆ ಅರವತ್ತು ಮಕ್ಕಳಿಗೆ ಇದ್ದದ್ದು ಎರಡೇ ಚೌಕಟ್ಟು. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ನಿಮಿಷ, ಉಳಿದ ಹೊತ್ತೆಲ್ಲ ಸಾಲು.

ನನಗೆ ಜಾಸ್ತಿ ಬೇಜಾರಾಗಿದ್ದು ಊಟದ ಹೊತ್ತಿನಲ್ಲಿ. ತಟ್ಟೆ ಅಡಿಕೆ ಹಾಳೆಯದು, ಸರಿ. ಪಕ್ಕದಲ್ಲೇ ಪ್ರತಿ ಮಗುವಿಗೂ ಒಂದೊಂದು ಪುಟ್ಟ ನೀರಿನ ಬಾಟಲಿ. ಬಂದ ಕೂಡಲೇ ಕೊಟ್ಟ ಪಾನಕ ಪೇಪರ್ ಕಪ್ಪಿನಲ್ಲಿ. ಆ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತೆ, ಅದು ಗೊಬ್ಬರ ಆಗುವುದಿಲ್ಲ ಅಂತ ನಾನೇ ಹಿಂದಿನ ವಾರ ಕ್ಲಾಸಿನಲ್ಲಿ ಹೇಳಿದ್ದೆ. ಒಬ್ಬ ಹುಡುಗ ಕಪ್ಪನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ನಾನು ಎತ್ತಿನ ಗಾಡಿ ಕಡೆ ನೋಡಿದೆ.

ಮೂರು ವಾರದ ನಂತರ ಬುಟ್ಟಿ ಇದ್ದ ಹಾಗೇ ಇತ್ತು. ಹಾಗಂತ ಆ ದಿನ ಹಾಳಾಯಿತು ಅನ್ನುವುದಿಲ್ಲ. ಮಕ್ಕಳು ಮಣ್ಣಿನಲ್ಲಿ ಆಡಿದರು, ಶೌಚಾಲಯ ಚೊಕ್ಕಟವಾಗಿತ್ತು, ಯಾರೂ ವಾಂತಿ ಮಾಡಲಿಲ್ಲ. ಇದು ಪಿಕ್ನಿಕ್. ಪಿಕ್ನಿಕ್ ಅಂತಲೇ ಕರೆದರೆ ನನ್ನ ತಕರಾರಿಲ್ಲ.

ಎರಡನೆಯದು ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರ. ಹೆಸರು ಕೇಳಿ ಏನೋ ಸರ್ಕಾರಿ ಭಾಷಣ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಹಸಿ ಕಸ ಗೊಬ್ಬರ ಮಾಡುವ ಬೇರೆ ಬೇರೆ ವಿಧಾನಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ತೋರಿಸುವ ಜಾಗ. ಮಡಕೆಯ ಮೇಲೆ ಮಡಕೆ ಇಟ್ಟ ಕಂಬ, ಎಲೆ ತುಂಬುವ ಜಾಲರಿ, ಅಪಾರ್ಟ್‌ಮೆಂಟಿಗೆ ಬೇಕಾಗುವ ದೊಡ್ಡವು. "ನಮ್ಮನೆ ಬಾಲ್ಕನಿಗೆ ಯಾವುದು ಮಿಸ್?" ಅಂತ ಮಕ್ಕಳೇ ಕೇಳೋಕೆ ಶುರು ಮಾಡಿದರು.

ಇಲ್ಲಿ ಕಲಿತದ್ದನ್ನು ನಾನೇ ಶಾಲೆಯಲ್ಲಿ ಮುಂದುವರಿಸಿದೆ. ಹೊಂಗೆ ಮರದ ಕೆಳಗೆ ಕೋಳಿ ಜಾಲರಿ ಸುತ್ತಿ ಎಲೆಗೂಡು, ಅದರ ಪಕ್ಕ ಎರಡು ಮಡಕೆ. ಊಟದ ಡಬ್ಬಿಯಲ್ಲಿ ಉಳಿದದ್ದರ ಮೇಲೆ ಒಂದು ಹಿಡಿ ಒಣ ಎಲೆ. ತೇವ ಸರಿಯಿದೆಯಾ ಅಂತ ನೋಡೋಕೆ ಮುಷ್ಟಿಯಲ್ಲಿ ಹಿಂಡಬೇಕು. ನೀರು ಧಾರೆ ಇಳಿದರೆ ಜಾಸ್ತಿ, ಪುಡಿಪುಡಿಯಾದರೆ ಕಡಿಮೆ, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ನಾತ ಬಂತು ಅಂದರೆ ಗಾಳಿ ಸಾಲದು, ಎಲೆ ಹಾಕಿ ಕಲಸು. ಥರ್ಮಾಮೀಟರಿನ ಪಾಠ ಬೇರೆ ಮಾಡಬೇಕಾಗಲೇ ಇಲ್ಲ. ರಾಶಿ ದೊಡ್ಡದಾಗಿದ್ದು ಸರಿಯಾಗಿ ಕೊಳೆಯುತ್ತಿದ್ದರೆ ನಡುವೆ 55 ಡಿಗ್ರಿ ದಾಟುತ್ತೆ. ಎಲೆಗೂಡಿನೊಳಗೆ ಕೈ ಹಾಕಿದ ಹುಡುಗಿ "ಒಳಗೆ ಯಾರೋ ನೀರು ಕಾಯಿಸ್ತಿದ್ದಾರೆ ಮಿಸ್" ಅಂದಳು.

ಮೂರು ವಾರದ ನಂತರ ಬುಟ್ಟಿಯಲ್ಲಿ ಚಪಾತಿ, ಬಾಳೆಹಣ್ಣಿನ ಸಿಪ್ಪೆ ಹತ್ತಿರ ಹತ್ತಿರ ಇರಲೇ ಇಲ್ಲ. ಕಾರಣ ಭಾರಿ ಏನಲ್ಲ. ಅದಕ್ಕೆ ಹೋಗೋಕೆ ಒಂದು ಜಾಗ ಸಿಕ್ಕಿತ್ತು ಅಷ್ಟೇ. ತೊಂದರೆ ಬಂದಿದ್ದು ದಸರಾ ರಜೆಯಲ್ಲಿ. ಯಾರೂ ನೋಡಿಕೊಳ್ಳದೆ ಒಂದು ಮಡಕೆ ಒಣಗಿ ಹೆಂಟೆಯಾಯಿತು. ಇನ್ನೊಂದರಲ್ಲಿ ಹುಳು ತುಂಬಿ ಕಾರಿಡಾರಿಗೆ ಮೆರವಣಿಗೆ ಹೊರಟಿದ್ದವು. ಅವು ಕಪ್ಪು ಸೈನಿಕ ನೊಣದ ಮರಿಗಳು, ಪಾಪದವು, ಗೊಬ್ಬರ ಮಾಡಲು ನೆರವಾಗುವಂಥವು. ಇದನ್ನು ಆಯಾ ಅಮ್ಮನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇನ್ನೊಂದು ಮಾತು, ಒಣ ಕಸದಲ್ಲಿ ಇದರಿಂದ ಏನೂ ಬದಲಾಗಲಿಲ್ಲ. ಚಿಪ್ಸ್ ಕವರ್ ಮೊದಲಿನಷ್ಟೇ.

ಮೂರನೆಯದು ಶಾಲೆಯಿಂದ ನಡೆದುಕೊಂಡೇ ಹೋಗಬಹುದಾದ ಒಣ ಕಸ ಸಂಗ್ರಹ ಕೇಂದ್ರ. ಶೀಟಿನ ಚಾವಣಿಯ ಉದ್ದನೆಯ ಶೆಡ್ಡು, ಒಳಗೆ ಗೋಡೆಯೆತ್ತರ ಚೀಲ. ಬೆಂಗಳೂರಿನಲ್ಲಿ ಇಂಥ ಎಷ್ಟೋ ಕೇಂದ್ರ ನಡೆಸುವವರು ಒಂದು ಕಾಲದಲ್ಲಿ ಬೀದಿಯಲ್ಲಿ ಕಸ ಆಯುತ್ತಿದ್ದವರೇ. ಇಲ್ಲಿಯ ಅಕ್ಕನೂ ಹಾಗೇ. ನೋಟಿಸ್ ಕಳಿಸಿದ ದಿನವೇ ಒಬ್ಬ ತಂದೆ ಫೋನ್ ಮಾಡಿ, "ಫೀಸ್ ಕಟ್ಟಿ ಮಗನನ್ನ ಕಸ ಆಯೋಕೆ ಕಳಿಸಬೇಕಾ ಮೇಡಂ?" ಅಂದರು. ಗ್ಲೌಸ್, ಬೂಟು ಕಡ್ಡಾಯ, ಗಾಜು ಮುಟ್ಟಿಸುವುದಿಲ್ಲ ಅಂತ ಹೇಳಿ ಒಪ್ಪಿಸಿದೆ.

ಒಂದು ಬದಲಾವಣೆ ಮಾಡಿದ್ದೆ. ಬರಿಗೈಯಲ್ಲಿ ಹೋಗದೆ ನಮ್ಮ ಕ್ಲಾಸಿನದೇ ಒಂದು ವಾರದ ಒಣ ಕಸವನ್ನು ಮಕ್ಕಳು ಹೊತ್ತುಕೊಂಡು ಹೋದರು. ಅಕ್ಕ ಅದನ್ನು ನೆಲಕ್ಕೆ ಸುರಿದರು. ಮೂಸಿ ನೋಡಿ ನಕ್ಕರು. ಮಕ್ಕಳು ತಲೆ ತಗ್ಗಿಸಿದರು. ಹಾಲಿನ ಕವರ್ ಹುಳಿ ನಾತ ಹೊಡೆಯುತ್ತಿತ್ತು.

"ಕೈಯಲ್ಲಿ ಹಿಂಡಿ ನೋಡು ಪುಟ್ಟ. ಗರಗರ ಅಂದ್ರೆ ಆ ಚೀಲ, ಮೆತ್ತಗಿದ್ರೆ ಈ ಚೀಲ." ಪ್ಲಾಸ್ಟಿಕ್ಕನ್ನು ಕಿವಿಯಿಂದ ಗುರುತಿಸಬಹುದು ಅನ್ನುವುದು ನನಗೂ ಗೊತ್ತಿರಲಿಲ್ಲ. ನಾನು ಬಾಟಲಿಯ ತಳದ ತ್ರಿಕೋನದೊಳಗಿನ ನಂಬರ್ ಹುಡುಕಿ, 1 ಅಂದರೆ ಪೆಟ್, 5 ಅಂದರೆ ಪಾಲಿಪ್ರೊಪಿಲಿನ್ ಅಂತ ವಿವರಿಸುವಷ್ಟರಲ್ಲಿ ಅಕ್ಕ ಹತ್ತು ಸಾಮಾನು ಬೇರೆ ಮಾಡಿರುತ್ತಿದ್ದರು. ಬಿಳಿ ಹಾಳೆ ಬೇರೆ, ಬಣ್ಣದ ಹಾಳೆ ಬೇರೆ, ರಟ್ಟು ಬೇರೆ. ಜ್ಯೂಸ್ ಡಬ್ಬಿ ಇನ್ನೂ ಬೇರೆ, ಅದರಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿರುತ್ತವೆ.

ಆಮೇಲೆ ಅಕ್ಕ ಹಾಲಿನ ಕವರ್ ಒಂದನ್ನು ಎತ್ತಿ ಹಿಡಿದರು. "ಇದರ ಮೂಲೆ ಎಲ್ಲಿ?" ಯಾರಿಗೂ ಗೊತ್ತಿಲ್ಲ. ಕತ್ತರಿಯಲ್ಲಿ ತುಂಡು ಮಾಡಿದ ಆ ಪುಟ್ಟ ಮೂಲೆ ಸಿಂಕಿನಿಂದ ಮೋರಿಗೆ ಹೋಗಿರುತ್ತೆ, ಇಲ್ಲವೇ ಹಸಿ ಕಸದಲ್ಲಿ ಸೇರಿ ಗೊಬ್ಬರಕ್ಕೆ. ಅಷ್ಟು ಚಿಕ್ಕದನ್ನು ಯಾರೂ ಆಯುವುದಿಲ್ಲ. ಪೂರ್ತಿ ಕತ್ತರಿಸದೆ ಸ್ವಲ್ಪ ಅಂಟಿಕೊಂಡಿರೋ ಹಾಗೆ ಬಿಟ್ಟರೆ ಸಾಕು. ಇದಕ್ಕೆ ನನ್ನ ಯಾವ ಚಾರ್ಟೂ ಸಮ ಅಲ್ಲ. ಮಾರನೇ ದಿನವೇ ಮೂರು ತಾಯಂದಿರು, ಮಗ ಅಡುಗೆಮನೆಗೆ ಬಂದು ಕತ್ತರಿ ಕಿತ್ತುಕೊಂಡ ಅಂತ ನನಗೆ ಮೆಸೇಜ್ ಮಾಡಿದ್ದರು.

ಕೊನೆಗೆ ನೆಲದ ಮೇಲೆ ಒಂದು ಗುಡ್ಡೆ ಉಳಿಯಿತು. ಚಿಪ್ಸ್, ಬಿಸ್ಕತ್ತಿನ ಕವರ್. ಒಳಗೆ ಬೆಳ್ಳಿಯ ಹಾಗೆ ಹೊಳೆಯುವುದನ್ನು ಗುಜರಿಯವರು ಮುಟ್ಟುವುದಿಲ್ಲ, ಪದರ ಬಿಡಿಸೋಕೆ ಆಗಲ್ಲ. ಕೊನೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತೆ. "ಇದಕ್ಕೆ ನಿಮಗೆ ದುಡ್ಡು ಬರಲ್ವಾ ಆಂಟಿ?" ಅಂತ ಒಬ್ಬ ಕೇಳಿದ. "ಬರಲ್ಲ ಕಂದ. ಬೇರೆ ಮಾಡೋ ಕೂಲಿ ನಮ್ಮದೇ." ಬಸ್ ಇಲ್ಲದ, ಊಟ ಇಲ್ಲದ ಆ ಬೆಳಗ್ಗೆ ಮಕ್ಕಳು ಮೊದಲ ಸಲ ಸುಮ್ಮನಾಗಿದ್ದು ಆಗಲೇ.

ಮೂರು ವಾರ ಬಿಟ್ಟು ಸುರಿದಾಗ ಬುಟ್ಟಿಯಲ್ಲಿ ಬೆಳ್ಳಿ ಹೊಳಪಿನ ಕವರ್ ಎದ್ದು ಕಾಣುವಷ್ಟು ಕಡಿಮೆ. ನಿಂತೇ ಹೋಯಿತು ಅಂದರೆ ಸುಳ್ಳಾಗುತ್ತೆ. ಹುಟ್ಟುಹಬ್ಬದ ದಿನ ಮತ್ತೆ ಬಂದವು.

ಕೆಲವರು, ತಿಪ್ಪೆಯ ಬೆಟ್ಟವನ್ನೇ ತೋರಿಸಿ, ಹೆದರಿಕೆ ಆಗಲಿ ಅನ್ನುತ್ತಾರೆ. ನಾನು ಕರೆದುಕೊಂಡು ಹೋಗಿಲ್ಲ, ಹೋಗುವುದೂ ಇಲ್ಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಅನ್ನುವ ಹಳ್ಳಿಯವರು ಬೀದಿಗಿಳಿದು 2014ರ ಕೊನೆಗೆ ನಮ್ಮೂರ ಕಸದ ಲಾರಿ ನಿಲ್ಲಿಸಿದ ಕಥೆಯನ್ನು ಕ್ಲಾಸಿನಲ್ಲೇ ಹೇಳುತ್ತೇನೆ. ಬೇರೆಯವರ ಊರಿನ ನಾತವನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಒಂದೇ ಟ್ರಿಪ್‌ಗೆ ಅನುಮತಿ ಸಿಕ್ಕರೆ ಐದನೇ ಕ್ಲಾಸಿನ ಮೇಲಿನವರಿಗೆ ಕಣ್ಣು ಮುಚ್ಚಿ ಒಣ ಕಸ ಕೇಂದ್ರ ಅನ್ನುತ್ತೇನೆ, ಆದರೆ ಸ್ವಂತ ಕಸ ಹೊತ್ತುಕೊಂಡು. ಚಿಕ್ಕವರಿಗೆ ಗೊಬ್ಬರದ ಕಲಿಕಾ ಕೇಂದ್ರವೇ ಸರಿ, ಅವರಿಗೆ ಹುಳು ಅಂದರೆ ಖುಷಿ. ಒಣ ಕಸ ಕೇಂದ್ರಕ್ಕೆ ಹೋಗುವವರಿಗೆ ಎರಡು ಮಾತು. ಸಲಕ್ಕೆ ಇಪ್ಪತ್ತು ಮಕ್ಕಳಿಗಿಂತ ಜಾಸ್ತಿ ಬೇಡ, ಕೆಲಸ ನಿಂತುಹೋಗುತ್ತೆ. ನಿಂತ ಕೆಲಸದ ಕೂಲಿಯನ್ನು ಕೊಟ್ಟೇ ಬನ್ನಿ. ಫಾರ್ಮ್‌ಗೆ ಕೊಡುವ 900ರಲ್ಲಿ ಮಗುವಿಗೆ ನೂರು ತೆಗೆದಿಟ್ಟರೂ ಧಾರಾಳ. ಅಲ್ಲಿ ಕೆಲಸ ಮಾಡುವವರ ಫೋಟೋ ಮಾತ್ರ ಕೇಳದೆ ತೆಗೆಯಬೇಡಿ.

ಈ ವರ್ಷದ ದಿನ ಗೊತ್ತು ಮಾಡೋಕೆ ಮೊನ್ನೆ ಅಕ್ಕನಿಗೆ ಫೋನ್ ಮಾಡಿದ್ದೆ. ಮಂಗಳವಾರ ಬನ್ನಿ ಅಂದರು. ಇಡುವ ಮೊದಲು, "ಹಾಲಿನ ಕವರ್ ತೊಳ್ಕೊಂಡು ಬರೋಕೆ ಹೇಳಿ ಮೇಡಂ, ಇಲಿ ಜಾಸ್ತಿ ಆಗಿದಾವೆ" ಅಂದರು.