ಸ್ನೂಪ್‌ಸ್ನಿಚ್: ಹಳೇ ಫೋನಿನಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ 3. ಮೊಬೈಲ್ ನೆಟ್‌ವರ್ಕ್ ಒಳಗೆ ಏನು ನಡೆಯುತ್ತದೆ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಆ್ಯಪ್ ನಾನು ನೋಡಿಲ್ಲ. ಆದರೆ "ನನ್ನ ಫೋನನ್ನು ಯಾರಾದ್ರೂ ಕದ್ದು ಕೇಳ್ತಿದಾರಾ?" ಅನ್ನೋ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಬೇಕಿದ್ದರೆ ಇದನ್ನು ನೆಚ್ಚಿಕೊಳ್ಳಬೇಡಿ.

ಬರ್ಲಿನ್‌ನ ಎಸ್‌ಆರ್ ಲ್ಯಾಬ್ಸ್ ಅನ್ನೋ ಭದ್ರತಾ ಸಂಶೋಧಕರ ತಂಡ 2014ರ ಡಿಸೆಂಬರ್‌ನಲ್ಲಿ ಬಿಟ್ಟ ಆ್ಯಪ್ ಇದು. ತಂಡದ ಹಿಂದಿದ್ದವರು ಕಾರ್ಸ್ಟನ್ ನೋಲ್. 2ಜಿ ಕರೆಗಳನ್ನು ಕಾಯುವ ಎ5/1 ಗೂಢಲಿಪಿಯನ್ನು ಸಾಮಾನ್ಯ ಕಂಪ್ಯೂಟರ್‌ನಲ್ಲೇ ಒಡೆಯಬಹುದು ಅಂತ 2009-10ರ ಹೊತ್ತಿಗೆ ತೋರಿಸಿಕೊಟ್ಟವರು ಇವರೇ. ಆ್ಯಪ್‌ನ ಸೋರ್ಸ್ ಕೋಡ್ ಪೂರ್ತಿ ತೆರೆದಿದೆ, ತೆರೆದ ಕೋಡ್‌ನ ಆ್ಯಪ್‌ಗಳ ಅಂಗಡಿಯಾದ ಎಫ್‌-ಡ್ರಾಯ್ಡ್‌ನಲ್ಲೂ ಸಿಗುತ್ತದೆ.

ಮಾಮೂಲಿ ಆ್ಯಪ್‌ಗಳಿಗೆ ಆಂಡ್ರಾಯ್ಡ್ ಕೊಡೋದು ಸಿಗ್ನಲ್ ಎಷ್ಟಿದೆ, ಟವರ್ ನಂಬರ್ ಏನು, ಅಷ್ಟೇ. ಟವರ್ ಮತ್ತು ಮೋಡೆಮ್ (ಫೋನಿನೊಳಗೆ ನೆಟ್‌ವರ್ಕ್ ಜೊತೆ ಮಾತಾಡೋ ಭಾಗ) ನಡುವಿನ ಮಾತುಕತೆ ಅವಕ್ಕೆ ಕೇಳಿಸೋದಿಲ್ಲ. ಸ್ನೂಪ್‌ಸ್ನಿಚ್ ಕ್ವಾಲ್ಕಾಂ ಚಿಪ್‌ನಲ್ಲಿ ದೋಷ ಪತ್ತೆಗೆ ಅಂತ ಇಟ್ಟ ಡಯಾಗ್ನಾಸ್ಟಿಕ್ ದಾರಿ ಹಿಡಿದು ಆ ಮಾತುಕತೆಯನ್ನೇ ಓದುತ್ತದೆ. ಅದಕ್ಕೇ ಎರಡು ಷರತ್ತು: ಫೋನಿನಲ್ಲಿ ಕ್ವಾಲ್ಕಾಂ ಚಿಪ್ ಇರಬೇಕು, ಫೋನ್ ರೂಟ್ ಆಗಿರಬೇಕು (ಅಂದರೆ ಅದರ ಸಿಸ್ಟಮ್‌ನ ಪೂರ್ತಿ ಹಿಡಿತ ನಿಮ್ಮ ಕೈಗೆ ಬಂದಿರಬೇಕು). ಹೊಸ ಫೋನುಗಳಲ್ಲಿ ಆ ಡಯಾಗ್ ದಾರಿಯೇ ಮುಚ್ಚಿರುತ್ತದೆ, ರೂಟ್ ಮಾಡಿದರೂ ಎಷ್ಟೋ ಸಲ ಕೆಲಸ ಆಗೋದಿಲ್ಲ. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಹಳೇ ಸೆಕೆಂಡ್ ಹ್ಯಾಂಡ್ ಮೊಟೊ ಫೋನ್ ಕೊಂಡು, ಒಂದು ಪ್ರೀಪೇಯ್ಡ್ ಸಿಮ್ ಹಾಕಿ ಇದಕ್ಕೇ ಅಂತ ಬಿಟ್ಟಿದ್ದೇನೆ. ದಿನಬಳಕೆಯ ಫೋನನ್ನು ರೂಟ್ ಮಾಡೋಕೆ ಹೋಗಬೇಡಿ. ಬ್ಯಾಂಕ್ ಆ್ಯಪ್, ಯುಪಿಐ ಎಲ್ಲ ಮುನಿಸಿಕೊಳ್ಳುತ್ತವೆ.

ಏನು ಹುಡುಕುತ್ತದೆ? ಮುಖ್ಯವಾಗಿ ನಕಲಿ ಟವರ್. 2ಜಿಯಲ್ಲಿ ಫೋನ್ ತನ್ನ ಗುರುತನ್ನು ಟವರ್‌ಗೆ ಸಾಬೀತು ಮಾಡಬೇಕು, ಟವರ್ ಮಾತ್ರ ಫೋನಿಗೆ ಏನನ್ನೂ ಸಾಬೀತು ಮಾಡಬೇಕಿಲ್ಲ. ಜೋರು ಸಿಗ್ನಲ್ ಕೊಟ್ಟು "ನಾನೇ ನಿನ್ನ ಟವರ್" ಅಂದರೆ ಸಾಕು, ಫೋನ್ ನಂಬುತ್ತದೆ. ಗೂಢಲಿಪಿ ಬೇಕೋ ಬೇಡವೋ ಅಂತ ತೀರ್ಮಾನಿಸೋದೂ ಟವರೇ. 3ಜಿಯಿಂದ ಈಚೆಗೆ ಎರಡೂ ಕಡೆಯವರು ಗುರುತು ತೋರಿಸಬೇಕು ಅಂತಾಯಿತು. ಹಾಗಾಗಿ ಕಳ್ಳರ ಮೊದಲ ಕೆಲಸ ಫೋನನ್ನು 4ಜಿಯಿಂದ 2ಜಿಗೆ ತಳ್ಳೋದು. ಬ್ಯಾಂಕಾಕ್‌ನಲ್ಲಿ, ಲಂಡನ್‌ನಲ್ಲಿ 2024ರಲ್ಲಿ ಸಿಕ್ಕಿಬಿದ್ದ ಎಸ್‌ಎಂಎಸ್ ಬ್ಲಾಸ್ಟರ್ ಗುಂಪುಗಳು ಸುತ್ತಮುತ್ತಲಿನ ಫೋನುಗಳಿಗೆ ಮೋಸದ ಮೆಸೇಜ್ ತುರುಕಿದ್ದೂ ನಕಲಿ ಟವರ್ ಇಟ್ಟುಕೊಂಡೇ.

ಆ್ಯಪ್ ಇದಕ್ಕೆ ಸುಳಿವುಗಳನ್ನು ಕೂಡಿಸಿ ಅಂಕ ಕೊಡುತ್ತದೆ. ಟವರ್ ಕಳಿಸೋ ಅಕ್ಕಪಕ್ಕದ ಟವರ್‌ಗಳ ಪಟ್ಟಿ ಖಾಲಿ ಇದೆಯಾ, ಲೊಕೇಶನ್ ಏರಿಯಾ ಕೋಡ್ (ಒಂದು ಪ್ರದೇಶದ ಟವರ್‌ಗಳ ಗುಂಪಿನ ನಂಬರ್) ಇದ್ದಕ್ಕಿದ್ದಂತೆ ಬದಲಾಯಿತಾ, ಸಿಮ್‌ನ ಖಾಯಂ ನಂಬರ್ ಆದ ಐಎಂಎಸ್‌ಐಯನ್ನು ಕೇಳಿತಾ, ಗೂಢಲಿಪಿ ಇಳಿಯಿತಾ, ಇಂಥವು. ಅಂಕ ಒಂದು ಮಿತಿ ದಾಟಿದರೆ ಎಚ್ಚರಿಕೆ.

ಇಲ್ಲೇ ಗೋಳು ಶುರು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ರೈಲಿನಲ್ಲಿ ಇದನ್ನು ಆನ್ ಮಾಡಿಕೊಂಡು ಕೂತು ನೋಡಿ. 57 ಸುರಂಗ. ಒಂದರಿಂದ ಆಚೆ ಬರೋಷ್ಟರಲ್ಲಿ ಫೋನ್ ಸಿಕ್ಕಿದ ಟವರ್ ಹಿಡಿಯುತ್ತದೆ, 4ಜಿ ಹೋಗಿ 2ಜಿ ಬರುತ್ತದೆ, ಏರಿಯಾ ಕೋಡ್ ಬದಲಾಗುತ್ತದೆ, ಪಕ್ಕದ ಟವರ್ ಅನ್ನೋದೇ ಇರೋದಿಲ್ಲ. ಆ್ಯಪ್ ಕಣ್ಣಿಗೆ ಇಡೀ ಪಶ್ಚಿಮ ಘಟ್ಟವೇ ಗೂಢಚಾರರ ತಾಣ! ನಗರದೊಳಗೆ ಸುಳ್ಳು ಎಚ್ಚರಿಕೆ ಕಡಿಮೆ, ಆದರೆ ಇಲ್ಲದೇ ಇಲ್ಲ.

ಬೆಂಗಳೂರಿನ ಒಂದು ಮಾಲ್‌ನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಂದ ಎಚ್ಚರಿಕೆ ಮಾತ್ರ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿತ್ತು. ಕಾರ್ ಇಳಿಜಾರು ಇಳಿಯುತ್ತಿದ್ದಂತೆ 2ಜಿ. ಹೊಸ ಏರಿಯಾ ಕೋಡ್, ಅದರಲ್ಲಿ ಇರೋದು ಒಂದೇ ಸೆಲ್ (ಟವರ್‌ನ ಒಂದು ಘಟಕ), ಪಕ್ಕದವರ ಪಟ್ಟಿ ಖಾಲಿ, ಸೇರಿದ ಕೂಡಲೇ ಐಎಂಎಸ್‌ಐ ಕೊಡು ಅಂತ ಕೇಳಿಕೆ. ಪಠ್ಯಪುಸ್ತಕದ ಉದಾಹರಣೆ ಥರ ಇತ್ತು. ಸೆಲ್ ಐಡಿ ಬರೆದಿಟ್ಟುಕೊಂಡೆ. ಕೆಲವು ವಾರ ಬಿಟ್ಟು ಮತ್ತೆ ಹೋದಾಗಲೂ ಅದೇ ಐಡಿ, ಅದೇ ಕೋಡ್, ಅದೇ ಜಾಗ. ಚಾವಣಿ ನೋಡಿದರೆ ಪೈಪುಗಳ ನಡುವೆ ಅಣಬೆಯಂಥ ಬಿಳಿ ಆಂಟೆನಾಗಳು. ಕಟ್ಟಡದೊಳಗೆ ಸಿಗ್ನಲ್ ಕೊಡೋಕೆ ಕಂಪನಿಯವರೇ ಹಾಕಿದ್ದು. ಕಳ್ಳ ಟವರ್ ತಿಂಗಳುಗಟ್ಟಲೆ ಒಂದೇ ಕಡೆ ಒಂದೇ ಹೆಸರಿನಲ್ಲಿ ಕೂರೋದು ಅಪರೂಪ. ಎಚ್ಚರಿಕೆ ಬಂದರೆ ಅದೇ ಜಾಗಕ್ಕೆ ಇನ್ನೊಂದು ಸಲ ಹೋಗಿ ನೋಡೋದು, ಅಷ್ಟು ಹೊತ್ತಿಗೆ ಗಾಬರಿ ಅರ್ಧ ಇಳಿದಿರುತ್ತದೆ.

ಉಲ್ಟಾ ತೊಂದರೆಯೂ ಇದೆ. 2017ರಲ್ಲಿ ಬರ್ಲಿನ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು ಇಂಥ ಐದು ಆ್ಯಪ್‌ಗಳನ್ನು ಪರೀಕ್ಷೆಗೆ ಹಚ್ಚಿದರು, ಸ್ನೂಪ್‌ಸ್ನಿಚ್ ಅದರಲ್ಲಿ ಒಂದು. ಐದಕ್ಕೂ ಗೊತ್ತಾಗದಂತೆ ನುಸುಳೋ ದಾರಿ ಅವರಿಗೆ ಸಿಕ್ಕಿತು. ಹುಷಾರಾದ ದಾಳಿಕೋರ ಪಕ್ಕದ ಟವರ್‌ಗಳ ಪಟ್ಟಿಯನ್ನೂ ನಕಲು ಮಾಡುತ್ತಾನೆ, ಅಲ್ವಾ? ಅಂದರೆ ಆ್ಯಪ್ ಸುಮ್ನೆ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಈ ಆ್ಯಪ್ ಎಸ್‌ಎಸ್7 ದಾಳಿ ಹಿಡಿಯುತ್ತದೆ ಅನ್ನೋ ಮಾತನ್ನೂ ಅರ್ಧ ನಂಬಿದರೆ ಸಾಕು. ಎಸ್‌ಎಸ್7 ಅಂದರೆ ಜಗತ್ತಿನ ಟೆಲಿಕಾಂ ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹಳೇ ವ್ಯವಸ್ಥೆ. ಅದರೊಳಗೆ ನುಸುಳಿದವನು ನಿಮ್ಮ ಎಸ್‌ಎಂಎಸ್ ತನ್ನ ಕಡೆ ತಿರುಗಿಸಿಕೊಳ್ಳಬಹುದು. 2017ರಲ್ಲಿ ಜರ್ಮನಿಯಲ್ಲಿ ಹೀಗೇ ಬ್ಯಾಂಕ್ ಕೋಡ್ ಕದ್ದು ಗ್ರಾಹಕರ ಖಾತೆ ಖಾಲಿ ಮಾಡಿದ್ದರು. ಎಲ್ಲದಕ್ಕೂ ಒಟಿಪಿ ಎಸ್‌ಎಂಎಸ್ ಕಾಯುತ್ತಾ ಕೂರೋ ನಮಗೆ ಇದು ದೂರದ ಮಾತಲ್ಲ. ಆದರೆ ಈ ಆಟ ನಡೆಯೋದು ಕಂಪನಿಯ ಒಳಗೆ. ಫೋನಿಗೆ ಕಾಣೋದು ಅದರ ನೆರಳು ಮಾತ್ರ: ಟವರ್ ಕರೆಯುತ್ತದೆ, ಹಿಂದೆ ಕಾಲೂ ಬರೋದಿಲ್ಲ, ಮೆಸೇಜೂ ಬರೋದಿಲ್ಲ. ಆ್ಯಪ್ ಇದನ್ನು ಖಾಲಿ ಪೇಜಿಂಗ್ ಅಂತ ದಾಖಲಿಸುತ್ತದೆ. ಸಿಗ್ನಲ್ ತುಂಡಾದರೂ ಹೀಗೇ ಆಗಬಹುದು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ನೆಟ್‌ವರ್ಕ್ ಟೆಸ್ಟ್. ಕೆಲವು ಕಾಲ್, ಕೆಲವು ಎಸ್‌ಎಂಎಸ್ ಹೋಗಿ ಬಂದು ಯಾವ ಗೂಢಲಿಪಿ ನಡೆಯುತ್ತಿದೆ ಅಂತ ತೋರಿಸುತ್ತದೆ. 2ಜಿಯಲ್ಲಿ ಎ5/3 ಇದ್ದರೆ ತಕ್ಕಮಟ್ಟಿಗೆ ಪರವಾಗಿಲ್ಲ, ಎ5/1 ಇದ್ದರೆ ಕೀಲಿ ಇದ್ದೂ ಇಲ್ಲದಂತೆ, ಎ5/0 ಅಂದರೆ ಗೂಢಲಿಪಿಯೇ ಇಲ್ಲ, ಬಾಗಿಲೇ ಇಲ್ಲದ ಮನೆ. ನನ್ನ ಸಿಮ್ ಯಾವ ಕಂಪನಿಯದು ಅಂತ ಹೇಳೋದಿಲ್ಲ, ಎ5/1 ಮಾತ್ರ ಜಾಸ್ತಿ ಸಲವೇ ಕಂಡಿದೆ. ಟೆಸ್ಟ್‌ಗೆ ಕರೆನ್ಸಿ ಖರ್ಚಾಗುತ್ತದೆ, ನೋಡಿಕೊಳ್ಳಿ. ಬ್ಯಾಟರಿಯನ್ನಂತೂ ಹೀರಿಬಿಡುತ್ತದೆ.

2018ರಲ್ಲಿ ಸೇರಿಸಿದ ಪ್ಯಾಚ್ ಪರೀಕ್ಷೆಗೆ ರೂಟ್ ಬೇಕಿಲ್ಲ. ಫೋನ್ ಕಂಪನಿ "ಹಾಕಿದ್ದೇವೆ" ಅನ್ನೋ ಸೆಕ್ಯುರಿಟಿ ಪ್ಯಾಚ್‌ಗಳು ನಿಜಕ್ಕೂ ಇವೆಯಾ ಅಂತ ನೋಡುತ್ತದೆ. ಒಳ್ಳೇ ಐಡಿಯಾ. ಈಗ ಆ್ಯಪ್‌ಗೇ ಅಪ್‌ಡೇಟ್ ನಿಂತಂತಿರೋದರಿಂದ ಹೊಸ ಫೋನಿಗೆ ಪ್ರಯೋಜನ ಕಡಿಮೆ. 4ಜಿ ವಿಷಯದಲ್ಲೂ ಇದು ಸೊರಗುತ್ತದೆ, ಇದರ ಲೆಕ್ಕಾಚಾರ ಹೆಚ್ಚಾಗಿ 2ಜಿ, 3ಜಿಗೆ ಹೊಂದಿಸಿದ್ದು. ಶುರುವಿನಿಂದಲೇ 2ಜಿ, 3ಜಿ ಇಟ್ಟುಕೊಳ್ಳದ ಜಿಯೋ ಸಿಮ್ ಹಾಕಿದರೆ ಆ್ಯಪ್‌ಗೆ ನೋಡೋಕೆ ಹೆಚ್ಚೇನೂ ಇರೋದಿಲ್ಲ.

ಈಗ ಹೊಸದಾಗಿ ಶುರು ಮಾಡೋರಿಗೆ ನಾನು ತೋರಿಸೋದು ರೇಹಂಟರ್ ಅನ್ನೋ ನಕಲಿ ಟವರ್ ಪತ್ತೆ ಸಾಫ್ಟ್‌ವೇರ್. ಡಿಜಿಟಲ್ ಹಕ್ಕುಗಳಿಗೆ ಹೋರಾಡೋ ಅಮೆರಿಕದ ಇಎಫ್‌ಎಫ್ ಸಂಸ್ಥೆ 2025ರಲ್ಲಿ ಬಿಟ್ಟದ್ದು. ಫೋನ್ ಬೇಡ, ಆರ್ಬಿಕ್ ಅನ್ನೋ ಅಗ್ಗದ ಹಾಟ್‌ಸ್ಪಾಟ್ ಸಾಕು. ಪರದೆ ಮೇಲೆ ಒಂದು ಹಸಿರು ಗೆರೆ, ಅನುಮಾನ ಬಂದರೆ ಕೆಂಪು. ಆರ್ಬಿಕ್ ಅಮೆರಿಕದ ನೆಟ್‌ವರ್ಕ್‌ಗೆ ಮಾಡಿದ್ದು, ಇಲ್ಲಿಗೆ ಟಿಪಿ-ಲಿಂಕ್ ಎಂ7350 ವಾಸಿ. ಹಾರ್ಡ್‌ವೇರ್ ವರ್ಷನ್ ನೋಡಿಯೇ ಕೊಳ್ಳಿ. 4ಜಿಯಲ್ಲೂ ಗುರುತು ತೋರಿಸೋ ಮೊದಲೇ ಐಎಂಎಸ್‌ಐ ಕೇಳೋಕೆ ಅವಕಾಶ ಇದೆ, ರೇಹಂಟರ್ ಗಮನಿಸೋದು ಇಂಥದ್ದನ್ನೇ. ದಾಖಲೆಯನ್ನು ವೈರ್‌ಶಾರ್ಕ್ ಅನ್ನೋ ನೆಟ್‌ವರ್ಕ್ ಸಂದೇಶ ಓದೋ ಸಾಫ್ಟ್‌ವೇರ್‌ನಲ್ಲಿ ತೆರೆದು ಒಂದೊಂದೇ ಸಂದೇಶ ಓದಬಹುದು.

ಇನ್ನೂ ಮುಂದೆ ಹೋಗಿ ಎಸ್‌ಆರ್‌ಎಸ್‌ರ‍್ಯಾನ್, ಓಪನ್5ಜಿಎಸ್ ಥರದ ಪುಕ್ಕಟೆ ಟವರ್–ನೆಟ್‌ವರ್ಕ್ ಸಾಫ್ಟ್‌ವೇರ್ ಹಾಕಿ ಮನೆಯಲ್ಲೇ ಟವರ್ ಎಬ್ಬಿಸೋ ಆಸೆ ಕೆಲವರಿಗೆ ಬರುತ್ತದೆ. ತಂತಿಯಲ್ಲಿ ಅಥವಾ ಸಿಗ್ನಲ್ ಆಚೆ ಹೋಗದ ಪೆಟ್ಟಿಗೆಯೊಳಗೆ ಮಾಡಿ. ಲೈಸೆನ್ಸ್ ಇಲ್ಲದೆ ಆ ತರಂಗಾಂತರದಲ್ಲಿ ಪ್ರಸಾರ ಮಾಡಿದರೆ ಅಪರಾಧ.

ಇಷ್ಟೆಲ್ಲ ಬೇಡ, ಸುಮ್ನೆ ಸುರಕ್ಷಿತವಾಗಿದ್ದರೆ ಸಾಕು ಅನ್ನೋರು 2ಜಿ ಆಫ್ ಮಾಡಿ. ಆಂಡ್ರಾಯ್ಡ್ 12ರಿಂದ ಕೆಲವು ಫೋನುಗಳ ಸಿಮ್ ಸೆಟ್ಟಿಂಗ್‌ನಲ್ಲಿ ಇದಕ್ಕೆ ಬಟನ್ ಇದೆ. ಐಫೋನ್‌ನಲ್ಲಿ ಐಒಎಸ್ 17ರಿಂದ ಲಾಕ್‌ಡೌನ್ ಮೋಡ್ ಹಾಕಿದರೆ 2ಜಿ ನಿಲ್ಲುತ್ತದೆ. ನಾನು ಊರಿಗೆ ಹೋದಾಗ ಮಾತ್ರ ವಾಪಸ್ ಆನ್ ಮಾಡುತ್ತೇನೆ, ಅಲ್ಲಿ 2ಜಿ ಬಿಟ್ಟರೆ ಗತಿಯಿಲ್ಲ.

ಕೊನೆಗೊಂದು ವಿಷಯ. ಎಚ್ಚರಿಕೆ ಬಂದ ಕೂಡಲೇ ಲಾಗ್ ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕಿ "ಇದೇನು ನೋಡಿ" ಅನ್ನೋರು ಇದ್ದಾರೆ. ಆ ಫೈಲಿನಲ್ಲಿ ನಿಮ್ಮ ಐಎಂಎಸ್‌ಐ, ನೀವು ಓಡಾಡಿದ ಟವರ್‌ಗಳು, ಕೆಲವು ಸಲ ಎಸ್‌ಎಂಎಸ್ ಕೂಡ ಇರುತ್ತದೆ. ಗೊತ್ತಿರೋರ ಎದುರು ಕೂತು, ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ತೆರೆದು ತೋರಿಸಿ.